ಎರಡು ನೂಲು

ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಸೂರ್ಯ ಇನ್ನೂ ತೆಂಗಿನ ಮರಗಳ ಸೊಂಟದ ಹತ್ತಿರವಿದ್ದ. ಗಾಳಿ ಆಗಲೇ ಒಣಗಿಹೋಗಿತ್ತು. ಇರುಳೆಲ್ಲ ಬೀಸಿ, ಗದ್ದೆ ಬಯಲಿನ ತಂಪನ್ನೆಲ್ಲ ಬಾಚಿಕೊಂಡು ನಾಲೆಯಾಚೆ ಸುರಿದು ಬಂದಂತಿತ್ತು ಆ ಗಾಳಿ. ಕಿರಂಗೂರಿನ ಮಂಚಮ್ಮ ಬಾಗಿಲಿಗೆ ಹಾಕಿದ ಸಗಣಿ ನೀರು ರಂಗೋಲಿಯ ಎಳೆ ಮುಗಿಯುವ ಮೊದಲೇ ಆರಿ ಬಿಳುಚಿಕೊಂಡಿತು. ಆಕಾಶದಲ್ಲಿ ಮೋಡವೂ ಇಲ್ಲ, ನೀಲಿಯೂ ಇಲ್ಲ. ಒಗೆದೊಗೆದು ಬಣ್ಣ ಬಿಟ್ಟ ಹಳೇ ಪಂಚೆಯ ಹಾಗೆ ಊರಿನ ಮೇಲೆ ಸುಮ್ಮನೆ ಹರಡಿಕೊಂಡಿತ್ತು. ಇಂಥ ದಿನ ಅಂಟು ಬೇಗ ಬಿಗಿಯುತ್ತದೆ, ಕುಂಚ ಎಳೆದರೆ ಬರುವುದಿಲ್ಲ ಎಂದುಕೊಂಡು ಅವಳು ಸೆರಗು ಸಿಕ್ಕಿಸಿ ಒಳಗೆ ಹೋದಳು.

ಮಂಚಮ್ಮನದು ಕವರು ಅಂಟಿಸುವ ಕೆಲಸ. ಗಂಡ ಗದ್ದೆಯನ್ನೂ ಹಸುಗಳನ್ನೂ ನೋಡಿಕೊಂಡರೆ, ಅವಳು ಸೊಸೆ ರಮ್ಯಳನ್ನು ಜೊತೆಗೆ ಕೂರಿಸಿಕೊಂಡು, ಜಗಲಿಯ ಮೇಲೆ ಪಾಂಡವಪುರದ ರಾಮಸ್ವಾಮಿಯವರ ಪ್ರೆಸ್ಸಿಗೆ ಕವರು ಮಾಡಿಕೊಡುತ್ತಿದ್ದಳು. ಮದುವೆಯ ಕವರು, ಗೃಹಪ್ರವೇಶದ ಕವರು, ಆಸ್ಪತ್ರೆಯ ಎಕ್ಸರೇ ಹಾಕುವ ಅಗಲದ ಕವರು, ಯಾರು ಯಾವ ಅಳತೆ ಕೇಳಿದರೆ ಆ ಅಳತೆ. ಅಚ್ಚು ಪ್ರೆಸ್ಸಿನಲ್ಲಿ ದೊಡ್ಡ ಹಾಳೆಗಳ ಮೇಲೆ ಆಗುತ್ತಿತ್ತು. ಮಸಿ ಆರುವವರೆಗೆ ಹಾಳೆಯನ್ನು ಯಾರೂ ಮುಟ್ಟುವಂತಿಲ್ಲ. ಆರಿದ ಮೇಲೆ ಕಟಿಂಗ್ ಮಿಷನ್ನಿನ ಮರಿಯಯ್ಯ ಹಾಳೆಗಳನ್ನು ಒಂದೇ ಮೂಲೆಗೆ ತಟ್ಟಿ ತಟ್ಟಿ ಸಮ ಮಾಡಿ, ಅಂಚಿನಲ್ಲಿರುವ ಕಪ್ಪು ಗೆರೆಯ ಮಾರ್ಕು ನೋಡಿ ಕತ್ತರಿಸಿ, ಆಮೇಲೆ ಒಂದೊಂದನ್ನೂ ಕವರಿನ ಆಕಾರ ಕತ್ತರಿಸುವ ಉಕ್ಕಿನ ಡೈಗೆ ಕೊಟ್ಟು ಒತ್ತುತ್ತಿದ್ದ. ಡೈಯಿಂದ ಬಿದ್ದ ಹಾಳೆ ಇನ್ನೂ ಕವರಲ್ಲ. ಕೈಕಾಲು ಚಾಚಿ ಅಂಗಾತ ಮಲಗಿದ ಕೂಸಿನ ಹಾಗಿರುತ್ತದೆ. ಅದನ್ನು ಮಡಿಚಿ, ಅಂಚಿಗೆ ಅಂಟು ಕೊಟ್ಟು ಕೂರಿಸುವುದು ಮಂಚಮ್ಮನ ಕೈಚಳಕ. ಮಡಿಚಿದಾಗ ಆ ಅಂಟು ಬಂದು ಕೂರುವ ಎದುರಿನ ಅಂಚನ್ನು ಮಾತ್ರ ಬೋಳಾಗಿ ಬಿಟ್ಟಿರಬೇಕು. ಅಲ್ಲಿ ಮಸಿ ಇರಕೂಡದು, ಹೊಳಪಿಗೆ ಬಳಿಯುವ ವಾರ್ನಿಶ್ಶೂ ಇರಕೂಡದು. ಇದ್ದರೆ ಅಂಟು ಕೆಸುವಿನ ಎಲೆಯ ಮೇಲಿನ ನೀರು. ನಿಂತ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ.

ಆ ಬೆಳಿಗ್ಗೆ ಬರಬೇಕಾಗಿದ್ದ ಮಾಲು ಉಳಿದೆಲ್ಲದರ ಹಾಗಲ್ಲ. ಕೆ.ಆರ್. ಪೇಟೆ ಕಡೆ, ಗೋವಿಂದನಹಳ್ಳಿಯನ್ನೂ ದಾಟಿ ಒಳಕ್ಕೆ ಹೋದರೆ ಹೊಂಗೆತೋಪು ಎಂಬ ಊರು. ಅದು ಮಂಚಮ್ಮನ ತವರು. ಅಲ್ಲಿನ ವೇಣುಗೋಪಾಲಸ್ವಾಮಿಯ ಕಲ್ಯಾಣೋತ್ಸವಕ್ಕೆ ಹೆಸರು ಬರೆಸಿದ ಭಕ್ತರಿಗೆ ಅಂಚೆಯಲ್ಲಿ ಮಂತ್ರಾಕ್ಷತೆ ಕಳಿಸುವ ಕವರು ಅದು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಅಕ್ಷತೆ ಸ್ವಾಮಿಗೆ ಆಗದು ಎಂದು ಅರ್ಚಕರು ಹೇಳುತ್ತ ಬಂದಿದ್ದರಿಂದ, ಅಕ್ಷತೆಯನ್ನು ನೇರ ಕವರಿಗೇ ಸುರಿಯುವುದು ಅಲ್ಲಿನ ರೂಢಿ. ಇಷ್ಟೂರು ಬಿಟ್ಟು ಆ ಕೆಲಸ ತನ್ನ ಜಗಲಿಗೆ ಬಂದದ್ದು ಸ್ವಾಮಿಯೇ ಕರೆದು ಕೊಟ್ಟದ್ದು ಎಂದು ಮಂಚಮ್ಮ ನಂಬಿದ್ದಳು. ಕೆಲಸ ಮುಗಿಯುವ ತನಕ ಮನೆಯಲ್ಲಿ ಕೋಳಿ ಮೀನು ನಿಲ್ಲಿಸಿದ್ದಳು. ಗಂಡ ಗೊಣಗಿಕೊಂಡೇ ಸೊಪ್ಪಿನ ಸಾರು ಉಂಡಿದ್ದ. ಅಂಟಿಸುವಾಗ ಹಾಳೆಯನ್ನು ಕವುಚಿ ಹಾಕಬೇಕು, ಚಿತ್ರ ಕೆಳಗೆ ಹೋಗುತ್ತದೆ. ದೇವರ ಮುಖ ಬರಿ ನೆಲಕ್ಕೆ ತಾಗಬಾರದೆಂದು ಹೊಸ ಪಂಚೆಯೊಂದನ್ನು ನೆನೆಸಿ ಒಣಗಿಸಿ ಜಗಲಿಗೆ ಹಾಸಿದ್ದಳು.

ಬಿಸಿಲು ಜಗಲಿ ಹತ್ತುವ ಹೊತ್ತಿಗೆ ಲಗೇಜ್ ಆಟೋದಲ್ಲಿ ಮರಿಯಯ್ಯ ಬಂದ. ಪ್ರೆಸ್ಸಿನಲ್ಲೇ ತಲೆ ನರೆತವನು, ಹಣೆಗೆ ನಾಮವಿಲ್ಲದೆ ಮಿಷನ್ನು ಮುಟ್ಟದವನು, ಮಾತಿಗೊಂದು ತಮಾಷೆ ಸೇರಿಸದೆ ಬಿಡದವನು.

“ಮಂಚಕ್ಕ, ನಿನ್ ತವ್ರ ದೇವ್ರ ತಂದಿವ್ನಿ. ಕೈಕಾಲ್ ತೊಳ್ಕಂಡ್ ಇಳುಸ್ಕೊ.”

“ನೀನ್ ತೊಳ್ಕಂಡಿದ್ದೀಯಾ? ಇಲ್ಲ ಬೀಡಿ ಕೈಲೇ ಎತ್ಕ ಬಂದಾ?”

ಬೇರೆ ದಿನವಾಗಿದ್ದರೆ ಇದಕ್ಕೆ ಇನ್ನೊಂದು ಮಾತು ಬರುತ್ತಿತ್ತು. ಅವತ್ತು ಅವನು ನಗಲಿಲ್ಲ. “ಮಿಂದೇ ಮುಟ್ಟಿರದು ಕಣಕ್ಕ,” ಎಂದಷ್ಟೇ ಹೇಳಿ, ಕಟ್ಟುಗಳನ್ನು ಪಂಚೆಯ ಮೇಲೆ ಇಳಿಸಿ, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೊರಟುಹೋದ. ಬಿಸಿಲಿಗೆ ಮಂಕಾಗಿದ್ದಾನೆ ಎಂದು ಮಂಚಮ್ಮ ಅಂದುಕೊಂಡಳು.

ಅವಳ ಅಂಟು ಅಂಗಡಿಯದಲ್ಲ. ಮೈದಾ ಕುದಿಸಿ, ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಸೋಸಿ ಇಳಿಸುವ ಅಂಟು. ಹಾಳೆಗಳನ್ನು ಮೆಟ್ಟಿಲ ಹಾಗೆ ಒಂದರ ಮೇಲೊಂದು ಸರಿಸಿ ಹಾಸಿ, ಅಂಟು ಹಚ್ಚುವ ಅಂಚಷ್ಟೇ ಸಾಲಾಗಿ ಕಾಣುವಂತೆ ಮಾಡಿ, ಒಂದೇ ಎಳೆತಕ್ಕೆ ಕುಂಚ ಆಡಿಸಬೇಕು. ಅವತ್ತು ಕುಂಚ ಓಡಲಿಲ್ಲ. ಮಡಿಚಿ ಒತ್ತಿದರೆ ಅಂಟು ತೇಲಿದ ಹಾಗೆ, ಹಾಳೆ ಅದನ್ನು ಒಪ್ಪದ ಹಾಗೆ ಕಂಡಿತು. ಒಣ ಗಾಳಿಗೆ ಬಿಗಿದಿರಬೇಕೆಂದು ಅವಳು ರಮ್ಯಳ ಕೈಯಲ್ಲಿ ಚೊಂಬು ತರಿಸಿ, ಬೊಗಸೆಯಷ್ಟು ನೀರು ಬಿಟ್ಟು ಕಲಸಿದಳು. ಬೇಸಗೆಯಲ್ಲಿ ಯಾವತ್ತೂ ಮಾಡುವುದೇ. ಆಮೇಲೆ ಕುಂಚ ಓಡಿತು. ಅತ್ತೆ ಸೊಸೆ ಇಬ್ಬರೂ ತಲೆ ಎತ್ತದೆ ಕೂತು ಅರ್ಧ ಮಾಲನ್ನು ಮುಗಿಸಿದರು. ಇನ್ನರ್ಧ ಕಾರ್ತಿಕದ ದೀಪೋತ್ಸವಕ್ಕೆ, ಆಗ ಅಂಟಿಸಿದರಾಯಿತು ಎಂದು ಹೇಳಿದ್ದರಿಂದ, ಅದನ್ನು ದೇವರ ಗೂಡಿನ ಕೆಳಗೆ ಹಲಗೆಯ ಮೇಲೆ ಎತ್ತಿಟ್ಟರು.

ವೈಶಾಖದಲ್ಲಿ ಕಲ್ಯಾಣೋತ್ಸವ ಚೆನ್ನಾಗಿಯೇ ಆಯಿತು. ಕವರುಗಳು ಅಂಚೆಗೆ ಬಿದ್ದವು. ತೊಂದರೆ ಶುರುವಾದದ್ದು ಆಮೇಲೆ. ಮನೆಮನೆಗೆ ಹೋದ ಕವರುಗಳು ಅಂಚು ಬಾಯಿಬಿಟ್ಟುಕೊಂಡು ಹೋಗಿದ್ದವು. ಅಕ್ಷತೆಯೆಲ್ಲ ಅಂಚೆಯ ಚೀಲದಲ್ಲೇ ಚೆಲ್ಲಿ, ಭಕ್ತರ ಕೈಗೆ ಸಿಕ್ಕಿದ್ದು ಬರಿ ಕವರು. ಪ್ರಸಾದ ಬರದಿದ್ದರೆ ಬರಲಿಲ್ಲ ಎಂದು ಸುಮ್ಮನಾಗುವವರೂ, ಬರಿದಾಗಿ ಬಂದರೆ ಹೆದರುತ್ತಾರೆ. ನಾಗಮಂಗಲದ ಒಂದು ಮನೆಯಲ್ಲಿ ಮಗಳ ಲಗ್ನ ಕಟ್ಟಿಸುವ ದಿನವೇ ಈ ಕವರು ಬಂದು ಬಿದ್ದು, ಗಂಡಿನ ಕಡೆಯವರು ಎದ್ದು ಹೋದರಂತೆ. ಆ ಹುಡುಗಿಯ ಅಪ್ಪ ಹೊಂಗೆತೋಪಿಗೇ ಬಂದು, ಗುಡಿಯ ಮೆಟ್ಟಿಲ ಮೇಲೆ ಆ ಖಾಲಿ ಕವರನ್ನು ಇಟ್ಟು ಹೋದನಂತೆ.

ಗುಡಿಯ ಸಮಿತಿಗೆ ನಿಂಗರಾಜು ಅಧ್ಯಕ್ಷ. ಊರ ಹಾಲಿನ ಡೈರಿಗೂ ಅವನೇ. ಒಂದು ಶನಿವಾರ ಎಲ್ಲರನ್ನೂ ಕರೆಸಿದ. ರಾಮಸ್ವಾಮಿಯವರು ಕಾರಿನಲ್ಲಿ ಬಂದರು, ಜೊತೆಗೆ ಮರಿಯಯ್ಯ. ಮಂಚಮ್ಮ ಬಸ್ಸಿಳಿದು ನಡೆದು ಬಂದಳು. ಹುಟ್ಟಿದೂರಿನ ದಾರಿ; ಕಂಡವರೆಲ್ಲ ಮಾತಾಡಿಸಬೇಕಾಗಿತ್ತು. ಕೆಲವರು ಮಾತಾಡಿಸಿದರು.

ನವರಂಗದಲ್ಲಿ ಜನ ಕೂತಿದ್ದರು. ರಾಮಸ್ವಾಮಿಯವರು ಮೊದಲು ಮಾತಾಡಿದರು. ಗುಡಿಯ ಮನೆತನದಿಂದ ಬಂದವರು, ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತು. “ಅಚ್ಚು ನಮ್ಮದು, ಕಟಿಂಗು ನಮ್ಮದು. ಅದರಲ್ಲಿ ತಪ್ಪಿದ್ದರೆ ನಾನೇ ತಲೆ ಬಾಗಿಸ್ತೀನಿ. ಅಂಟು ಮಾತ್ರ ಹೊರಗಿನ ಕೆಲಸ. ಅದನ್ನ ನಾನು ಕೂತು ಕಾಯೋಕಾಗತ್ತ್ಯೇ?”

ಎಲ್ಲರೂ ಮಂಚಮ್ಮನ ಕಡೆ ತಿರುಗಿದರು. ನಿಂಗರಾಜು ಒಳ್ಳೆಯತನದಲ್ಲೇ ಹೇಳಿದ: “ನೋಡವ್ವ, ನೀನು ಈ ಊರ್ ಮಗ್ಳು. ನಿನ್ನ ಬಯ್ಯಕ್ಕೆ ಕರ್ಸಿಲ್ಲ. ಸ್ವಾಮಿ ಮುಂದೆ ಅಂಗೈಗೆ ತೀರ್ಥ ಈಸ್ಕಂಡು, ಅಂಟಿಗೆ ನೀರ್ ಬೆರೆಸಿಲ್ಲ ಅಂತ ಒಂದ್ ಮಾತ್ ಅನ್ನು. ಕುಡ್ದ್ಬುಡು. ಅಲ್ಲಿಗ್ ಮುಗೀತು. ಆಮೇಲೆ ಯಾವನೂ ನಿನ್ನ ಮಾತಾಡುಸ್ಕೂಡದು.”

ಅರ್ಚಕರು ತೀರ್ಥದ ಪಾತ್ರೆ ಹಿಡಿದು ಹೊಸ್ತಿಲಿಗೆ ಬಂದರು. ವಯಸ್ಸಾದವರು. ಮಂಚಮ್ಮನ ನಾಮಕರಣಕ್ಕೂ ಇದೇ ಕೈಯಿಂದ ತೀರ್ಥ ಕೊಟ್ಟವರು. ಅವಳು ಅಂಗೈ ಮಡಿಚಿ ಚಾಚಿದಳು. ಉದ್ಧರಣೆಯ ಬಾಯಲ್ಲಿ ತುಳಸಿಯ ದಳವೊಂದು ಅಲುಗುತ್ತಿತ್ತು. ಒಂದು ಮಾತು. ಅಂದು ಕುಡಿದುಬಿಟ್ಟರೆ ಮುಗಿಯಿತು. ಆದರೆ ಅವತ್ತು ಜಗಲಿಯ ಮೇಲೆ ರಮ್ಯ ಚೊಂಬು ತಂದುಕೊಟ್ಟದ್ದು, ತಾನು ಬೊಗಸೆ ಬಗ್ಗಿಸಿದ್ದು, ಕಣ್ಣಿಗೆ ಕಟ್ಟಿದಂತೆ ಬಂದು ನಿಂತಿತು. ಎದುರಿಗೆ ನಿಂತವನು ಊರಿನ ನಾಲ್ಕು ಜನರಲ್ಲ, ಕೊಳಲು ಹಿಡಿದು ಎಲ್ಲವನ್ನೂ ನೋಡಿದವನು. ಅವನ ಮುಂದೆ ನೀರು ಹಾಕಿಲ್ಲ ಎಂದು ಹೇಗೆ ಅನ್ನುವುದು?

“ಅಂಟು ಅಂದ್ರೆ ನೀರಾಕಿ ಕಲ್ಸದೇಯಾ ಸ್ವಾಮಿ,” ಎಂದಳು. “ಅವತ್ತು ಗಾಳಿಗೆ ಬಿಗೀತು ಅಂತ ಇನ್ನೀಟು ಆಕ್ದೆ. ಅದ್ರಿಂದ ಅಂಟು ಬುಟ್ಕಳಕಿಲ್ಲ. ಮೋಸ ಮಾಡಿಲ್ಲ ಅಂತ ಬೇಕಾರೆ ತೀರ್ಥ ತಕತೀನಿ.”

ಹಿಂದೆ ಯಾರೋ ಗಂಟಲಲ್ಲೇ ನಕ್ಕರು. ನಿಂಗರಾಜುವಿನ ಮುಖ ಗಡುಸಾಯಿತು. “ಮಾತ್ ತಿರುಗುಸ್ಬ್ಯಾಡ ಕಣವ್ವ. ಆಕ್ದೆಯೋ, ಇಲ್ವೋ?”

ಅವಳು ಅಂಗೈ ಹಿಂದಕ್ಕೆ ತೆಗೆದುಕೊಂಡಳು. ಬಾಗಿದ್ದ ಉದ್ಧರಣೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಅರ್ಚಕರು ಅದನ್ನು ನೆಟ್ಟಗೆ ಮಾಡಿ, ಪಾತ್ರೆಯೊಳಕ್ಕೇ ಸುರಿದುಕೊಂಡು ಒಳಗೆ ಹೋದರು. ಕಂಬದ ಮರೆಯಲ್ಲಿ ನಿಂತಿದ್ದ ಮರಿಯಯ್ಯನನ್ನು ಅವಳು ನೋಡಿದಳು. ತನ್ನ ಅಂಟಿನ ಗುಣ ಬಲ್ಲವನು ಅಲ್ಲಿ ಅವನೊಬ್ಬನೇ, ಒಂದು ಮಾತು ಆಡುತ್ತಾನೆ ಎಂದುಕೊಂಡಳು. ಅವನು ಗರ್ಭಗುಡಿಯ ಕಡೆ ನೋಡುತ್ತಿದ್ದ. ಕಣ್ಣು ಸ್ವಾಮಿಯ ಪಾದದ ಮೇಲಿತ್ತು, ಅಲ್ಲಿಂದ ಏಳಲಿಲ್ಲ.

ಅಲ್ಲಿಂದ ಮುಂದೆ ಮಂಚಮ್ಮನ ಹೆಸರು ಊರುಗಳ ಬಾಯಲ್ಲಿ ತಾನಾಗಿಯೇ ನಡೆಯಿತು. ತವರಿನಲ್ಲಿ ತೀರ್ಥ ಮುಟ್ಟದವಳು ಎಂದು. ಕಿರಂಗೂರಿನ ನಲ್ಲಿಯ ಹತ್ತಿರ ಅವಳು ಹೋದರೆ ಮಾತು ಬೇರೆ ಕಡೆ ತಿರುಗುತ್ತಿತ್ತು. ಪ್ರೆಸ್ಸಿನಿಂದ ಮಾಲು ಬರುವುದು ನಿಂತಿತು. ಅದು ಅಷ್ಟು ನೋಯಿಸಲಿಲ್ಲ. ಬೆಳಿಗ್ಗೆ ದೇವರ ಗೂಡಿನ ಮುಂದೆ ದೀಪ ಹಚ್ಚಿ ಕೈಮುಗಿಯಲು ಹೋದರೆ, ಮುಗಿದ ಕೈ ಯಾರದೋ ಎನ್ನಿಸುತ್ತಿತ್ತು. ನಿಜ ಹೇಳಿದ್ದಕ್ಕೆ ಹೀಗಾಯಿತಲ್ಲ ಸ್ವಾಮಿ ಎಂದು ಕೇಳಿದಳು. ಸುಳ್ಳು ಹೇಳಿದ್ದರೆ ನನ್ನನ್ನು ನಿನ್ನ ಹೊಸ್ತಿಲಿಗೆ ಬಿಟ್ಟುಕೊಳ್ಳುತ್ತಿದ್ದೆಯಾ ಎಂದೂ ಕೇಳಿದಳು. ದೀಪ ತನ್ನ ಪಾಡಿಗೆ ಉರಿಯಿತು.

ಆಷಾಢ ಬಂತು. ಉಳಿದರ್ಧ ಮಾಲನ್ನು ದೇವಲಾಪುರದ ಕಡೆಯ ಯಾರೋ ಒಬ್ಬರಿಗೆ ಒಪ್ಪಿಸಿದ್ದೇವೆ, ಮರಿಯಯ್ಯ ಬಂದು ಒಯ್ಯುತ್ತಾನೆ, ಕಟ್ಟಿ ಇಟ್ಟಿರು ಎಂದು ರಾಮಸ್ವಾಮಿಯವರ ಮಗ ಶ್ರೀಕರ ಫೋನು ಮಾಡಿದ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಚಿತ್ರ ಕೂರಿಸುವವನು ಅವನೇ. ಮಂಚಮ್ಮ ಹಲಗೆಯಿಂದ ಕಟ್ಟುಗಳನ್ನು ಇಳಿಸಿ ಜಗಲಿಗೆ ತಂದಳು. ಆಷಾಢದ ಗಾಳಿ ಹೊಸ್ತಿಲು ದಾಟಿ ಬಂದು ಮೇಲಿನ ಹಾಳೆಯೊಂದನ್ನು ಹಾರಿಸಿ, ಮಗುಚಿ, ಅಂಗಳಕ್ಕೆ ಹಾಕಿತು. ದೇವರ ಚಿತ್ರ ಮಣ್ಣಿಗೆ ಬಿತ್ತಲ್ಲ ಎಂದು ಓಡಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು. ಅಷ್ಟು ಸಾವಿರ ಸಲ ಬೆನ್ನು ನೋಡಿದ್ದ ಹಾಳೆಯ ಮುಖವನ್ನು ನೆಟ್ಟಗೆ ನೋಡಿದ್ದು ಅವಳು ಆಗಲೇ.

ವೇಣುಗೋಪಾಲ ತುಂಬು ನಿಲುವಿನಲ್ಲಿದ್ದ. ಕಿರೀಟ, ಕೊಳಲು, ಅಡ್ಡಗಾಲು, ಬೆರಳು ಬೆರಳೂ ಎಣಿಸುವ ಹಾಗೆ ಪಾದ. ಆ ಪಾದದ ಬೆರಳುಗಳ ಪಕ್ಕದಲ್ಲೇ, ಮಡಿಚಿದರೆ ಒಳಗೆ ಸೇರಿ ಕಾಣದಾಗುವ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದಿತ್ತು.

ಮಂಚಮ್ಮ ಹಾಳೆ ಹಿಡಿದುಕೊಂಡು ಹಾಗೇ ಕೂತಳು. ಅದು ಕತ್ತಿ ಬೀಳಬೇಕಾದ ಮಾರ್ಕು. ಕತ್ತರಿಸಿದ ಮೇಲೆ ಹಾಳೆಯಲ್ಲಿ ಅದು ಉಳಿಯಬಾರದು. ಉಳಿದಿದೆ ಎಂದರೆ ಕತ್ತಿ ಅದಕ್ಕಿಂತ ಕೆಳಗೆ ಬಿದ್ದಿದೆ. ಡೈ ಉಕ್ಕಿನದು, ಅದರ ಅಳತೆ ಹಿಗ್ಗುವುದಿಲ್ಲ ಕುಗ್ಗುವುದಿಲ್ಲ. ಬುಡದಲ್ಲಿ ಎರಡು ನೂಲು ಉಳಿಸಿಕೊಂಡರೆ ತಲೆಯಲ್ಲಿ ಎರಡು ನೂಲು ಹೋಗಲೇಬೇಕು. ಬಡಗಿಗಳ ಹಾಗೆ ಪ್ರೆಸ್ಸಿನವರೂ ಅಂಗುಲವನ್ನು ಎಂಟು ನೂಲು ಮಾಡಿಕೊಂಡವರು. ಎರಡು ನೂಲು ಎಂದರೆ ಕಾಲಂಗುಲ. ತಲೆಯ ಕಡೆ ಇದ್ದದ್ದೇ ಅಂಟಿನ ಬೋಳು ಅಂಚು; ಕತ್ತರಿಸಿ ಹೋದದ್ದು ಅದೇ. ಅವಳು ಹಾಳೆಯ ಆ ಅಂಚನ್ನು ಬಿಸಿಲಿಗೆ ಓರೆ ಹಿಡಿದಳು. ಮಡಿಚಿದಾಗ ಬೆನ್ನಿನ ಅಂಟು ಬಂದು ಕೂರಬೇಕಾದ ಜಾಗದ ಉದ್ದಕ್ಕೂ ವಾರ್ನಿಶ್ಶು ಬಸವನ ಹುಳು ಹರಿದ ಜಾಡಿನಂತೆ ಮಿನುಗಿತು. ಯಾವ ಅಂಟೂ ಅದರ ಮೇಲೆ ಹಿಡಿಯುತ್ತಿರಲಿಲ್ಲ. ನೀರು ಹಾಕಿದ್ದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಮರಿಯಯ್ಯ ಬಂದಾಗ ಅವಳು ಕಟ್ಟುಗಳನ್ನು ಕಟ್ಟಿ ಇಟ್ಟು, ಒಂದೇ ಒಂದು ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

“ಈ ಮಾರ್ಕು ಇಲ್ಲ್ಯಾಕದೆ ಮರಿಯಣ್ಣ?”

ಅವನು ಮೆಟ್ಟಿಲ ಮೇಲೆ ಕೂತ. ಟವೆಲಿನಲ್ಲಿ ಕತ್ತು ಒರೆಸಿಕೊಂಡ. ಆಮೇಲೆ ಹೇಳಿದ. ದೇವರು ದೊಡ್ಡದಾಗಿ ಕಾಣಬೇಕು ಎಂದು ಸಮಿತಿಯವರು ಹೇಳಿದ್ದಕ್ಕೆ ಶ್ರೀಕರ ಚಿತ್ರವನ್ನು ಎಳೆದು ಹಿಗ್ಗಿಸಿದ್ದ. ಮಾರ್ಕಿನ ನೇರಕ್ಕೆ ಕತ್ತಿ ಇಳಿದರೆ ಸರಿಯಾಗಿ ಸ್ವಾಮಿಯ ಕಾಲ್ಬೆರಳುಗಳ ಮೇಲೇ ಬೀಳುವಂತಾಗಿತ್ತು. ಅಚ್ಚಾಗಿ ಹೋದಮೇಲೆ ಅದು ಕಂಡದ್ದು. ಮರಿಯಯ್ಯ ಹೋಗಿ ಹೇಳಿದರೆ, ಬೆರಳಿನ ತುದಿ ತಾನೇ, ಯಾರು ನೋಡುತ್ತಾರೆ, ಕತ್ತರಿಸು ಎಂದನಂತೆ ಆ ಹುಡುಗ. ಮರಿಯಯ್ಯ ಮಿಷನ್ನಿನ ಮುಂದೆ ಮಧ್ಯಾಹ್ನದವರೆಗೂ ನಿಂತಿದ್ದನಂತೆ. ಕತ್ತಿಯ ಕೆಳಗೆ ಒಂದು ರಾಶಿ ಪಾದ. ತುಂಡಾದ ಬೆರಳುಗಳನ್ನು ರದ್ದಿಯ ಜೊತೆ ಗುಡಿಸಬೇಕು. ಹಿಡಿಯ ಮೇಲೆ ಇಟ್ಟ ಕೈ ಇಳಿಯಲಿಲ್ಲ. ಕೊನೆಗೆ ಹಾಳೆ ತಡೆಯುವ ಪಟ್ಟಿಯನ್ನು ಎರಡು ನೂಲು ಸರಿಸಿದ.

“ಬೋಳಂಚು ವೋಯ್ತದೆ ಅಂತ ಗೊತ್ತಿರ್ನಿಲ್ವಾ?”

“ಗೊತ್ತಿತ್ತು ಕಣಕ್ಕ. ನಿನ್ ಅಂಟು ಕಲ್ಲಿಗೂ ಇಡೀತದೆ, ಎಂಗೋ ಇಡ್ಕತದೆ ಅಂದ್ಕಂಡೆ.”

“ಗುಡೀಲಿ ಯಾಕ್ ಸುಮ್ಕಿದ್ದೆ?”

“ನೀನು ಪ್ರಮಾಣ ಮಾಡ್ಬುಡ್ತೀಯ ಅಂದ್ಕಂಡಿದ್ದೆ. ಮಾಡ್ಬುಟ್ಟಿದ್ರೆ ಯಾರ್ಗೂ ಏನೂ ಆಯ್ತಿರ್ನಿಲ್ಲ.”

ಮಂಚಮ್ಮ ಹಾಳೆಯನ್ನು ಕಟ್ಟಿನ ಮೇಲೆ ಇಟ್ಟು, ಹಾರದ ಹಾಗೆ ದಾರ ಬಿಗಿದಳು. ದನಿ ಏರಿಸಲಿಲ್ಲ. “ದೇವ್ರ ಬೆಳ್ಳು ಕುಯ್ಯಕ್ಕೆ ಕೈ ಬರ್ನಿಲ್ಲ ನಿಂಗೆ. ನನ್ ಕತ್ತು ಕುಯ್ಯಕ್ಕೆ ಬಂತು.”

ಅವನು ಕಟ್ಟುಗಳನ್ನು ಆಟೋಗೆ ಹಾಕಿಕೊಂಡು ಹೋದ. ಅವಳು ಆ ಹೊತ್ತಿಗೆ ಅತ್ತಿದ್ದರೆ ಹಗುರವಾಗುತ್ತಿತ್ತೇನೋ. ಅಳಲೂ ಬಿಡದ ಹಾಗೆ ಒಂದು ಯೋಚನೆ ಅಡ್ಡ ಕೂತಿತ್ತು: ಆ ಮಿಷನ್ನಿನ ಮುಂದೆ ನಾನೇ ನಿಂತಿದ್ದರೆ ಏನು ಮಾಡುತ್ತಿದ್ದೆ? ಆ ಪಾದದ ಮೇಲೆ ಕತ್ತಿ ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ. ಅದು ಗೊತ್ತಾಗಿಯೇ ಅವನ ಮೇಲಿನ ಸಿಟ್ಟಿಗೆ ಕಾಲೂರಲು ನೆಲ ಸಿಗಲಿಲ್ಲ, ಸಿಟ್ಟು ಹೋಗಲೂ ಇಲ್ಲ.

ಮರಿಯಯ್ಯ ಹೋಗಿ ರಾಮಸ್ವಾಮಿಯವರಿಗೆ ಎಲ್ಲವನ್ನೂ ಹೇಳಿದ. ಅವರು ಕೂಗಾಡಲಿಲ್ಲ. ಬಾಗಿಲು ಮುಂದೆ ಮಾಡಿ, ಕೂರಿಸಿ, ಆದದ್ದು ಆಯಿತು ಎಂದರು. ಚಿತ್ರ ಕೂರಿಸಿದವನು ಮಗ. ಇದು ಹೊರಗೆ ಬಂದರೆ ಹುಡುಗನ ಹೆಸರು, ಪ್ರೆಸ್ಸಿನ ಹೆಸರು, ಎರಡೂ ಹೋಗುತ್ತವೆ. ಆ ಹೆಂಗಸಿಗೆ ಕೆಲಸ ಕೊಡೋಣ, ಮೊದಲಿಗಿಂತ ಹೆಚ್ಚೇ ಕೊಡೋಣ, ಮಾತು ಇಲ್ಲಿಗೇ ನಿಲ್ಲಲಿ ಎಂದರು. ಹಾಗಾಗಿ ಶ್ರಾವಣ ಹುಟ್ಟುವ ಮೊದಲೇ ಮರಿಯಯ್ಯ ಶ್ರೀರಂಗಪಟ್ಟಣದ ದೊಡ್ಡ ಮನೆಯೊಂದರ ಮದುವೆ ಕವರಿನ ಹಾಳೆಗಳನ್ನು ಹೊತ್ತು ಮತ್ತೆ ಜಗಲಿಗೆ ಬಂದ. ಬೋಳು ಅಂಚನ್ನು ಧಾರಾಳವಾಗಿ ಬಿಡಿಸಿದ್ದ. ಅದನ್ನೇ ಮೊದಲು ತೋರಿಸಿದ.

ಮಂಚಮ್ಮ ಹಾಳೆ ಮುಟ್ಟಲಿಲ್ಲ.

“ಗುಡೀಲಿ ಕಿತ್ಕಂಡದ್ದ ಜಗಲೀಲಿ ಕೊಟ್ರೆ ಈಸ್ಕಳಕ್ಕಾಯ್ತದಾ ಮರಿಯಣ್ಣ?”

ಅವನು ಮಾಲನ್ನು ವಾಪಸು ಹೊತ್ತುಕೊಂಡು ಹೋದ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ರಮ್ಯ ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. “ಆ ಕವ್ರೇನು ಕಚ್ಚತಿತ್ತಾ ಅತ್ತೆ? ನಿಮ್ಮ್ ದೊಡ್ಡತನ ನೀವ್ ಇಕ್ಕಳಿ, ನಾಳಿಕೆ ಒಲೆಗೆ ಏನ್ ಇಕ್ಕಳವಾ?” ಮಾರನೆಯ ದಿನದಿಂದ ಮಂಚಮ್ಮ ಬೆಲ್ಲದ ಆಲೆಮನೆಗೆ ಕೆಲಸಕ್ಕೆ ಹೋಗತೊಡಗಿದಳು. ಕುಂಚ ಹಿಡಿದು ನಯವಾಗಿದ್ದ ಬೆರಳು ಬೇಗನೆ ಒರಟಾದವು.

ಗೌರಿ ಹಬ್ಬಕ್ಕೆ ಪ್ರತಿ ವರ್ಷ ಹೊಂಗೆತೋಪಿನಿಂದ ಅಣ್ಣ ತಾನೇ ಬಾಗಿನ ಹೊತ್ತು ಬರುತ್ತಿದ್ದ. ಆ ವರ್ಷ ಬಾಗಿನ ಬಸ್ಸಿನಲ್ಲಿ ಬಂತು. ಕೆ.ಆರ್. ಪೇಟೆಯಲ್ಲಿ ಯಾರೋ ಕೊಟ್ಟರು ಎಂದು ಕಂಡಕ್ಟರು ಬಾಗಿಲಲ್ಲೇ ಬಗ್ಗಿ ಮೊರದ ಜೊತೆಯನ್ನು ಅವಳ ಕೈಗಿತ್ತು ಸೀಟಿ ಊದಿದ. ಮೊರದೊಳಗೆ ಬಳೆ, ಕನ್ನಡಿ, ಬೆಲ್ಲ, ಬೇಳೆ ಎಲ್ಲ ಸರಿಯಾಗಿತ್ತು. ಅವಳು ರಸ್ತೆಯ ಬದಿಯಲ್ಲೇ ನಿಂತು ಒಂದೊಂದನ್ನೂ ಮುಟ್ಟಿ ನೋಡಿ, ಮುಚ್ಚಿಕೊಂಡು ಮನೆಗೆ ಬಂದಳು.

ಕಾರ್ತಿಕದಲ್ಲಿ, ದೀಪೋತ್ಸವದ ಸಂಜೆ, ಜನ ತುಂಬಿದ್ದ ನವರಂಗದಲ್ಲಿ ಮರಿಯಯ್ಯ ಎದ್ದು ನಿಂತು ಹೇಳಿಬಿಟ್ಟನಂತೆ. ರಾಮಸ್ವಾಮಿಯವರು ಅಲ್ಲೇ ಇದ್ದರಂತೆ. ತಪ್ಪು ಅಂಟಿನದಲ್ಲ, ತನ್ನ ಕತ್ತಿಯದು. ಸ್ವಾಮಿಯ ಪಾದಕ್ಕೆ ಕತ್ತಿ ಇಡಲಾರದೆ ಪಟ್ಟಿ ಸರಿಸಿದೆ. ಏನು ದಂಡ ಹಾಕಿದರೂ ಸರಿ ಎಂದು ಅಡ್ಡಬಿದ್ದನಂತೆ. ಇದನ್ನು ಮಂಚಮ್ಮನಿಗೆ ಹೇಳಿದ್ದು ಅಣ್ಣ, ಫೋನಿನಲ್ಲಿ. ಎಷ್ಟೋ ತಿಂಗಳ ಮೇಲೆ ಅವನ ದನಿಯಲ್ಲಿ ಮೊದಲಿನ ಸಲಿಗೆ ಬಂದಿತ್ತು.

“ಜನವೆಲ್ಲ ಕಣ್ಣೀರಾಕ್ಬುಟ್ರು ಕಣವ್ವ. ಎಂತಾ ಭಕ್ತ ಅಂತೀಯ. ನಿಂಗ್ರಾಜಣ್ಣ ತಾನೇ ಎಬ್ಬುಸಿ, ಸ್ವಾಮಿ ಕೊಳ್ಳಿಂದ ಆರ ತೆಗುಸಿ ಆಕ್ದ. ಆವಯ್ಯನ ಕೈ ಮುಟ್ಟಿ ಕಣ್ಗೊತ್ಕಳಕ್ಕೆ ಜನ ಸಾಲ್ ನಿಂತ್ಬುಟ್ರು.”

ಮಂಚಮ್ಮ ಫೋನನ್ನು ಕಿವಿಯಿಂದ ಕಿವಿಗೆ ಬದಲಾಯಿಸಿಕೊಂಡಳು. “ನನ್ ಇಸ್ಯ ಯಾರಾರ ಮಾತಾಡುದ್ರಾ?”

“ನಿಂದೇನೂ ತಪ್ಪಿಲ್ಲ ಅಂತ ಆಯ್ತಲ್ಲ, ಇನ್ನೇನ್ ಮಾತಾಡದು? ಮುಗುದ್ ವೋದ್ ಕತೆ ಬುಡು,” ಎಂದು ಅಣ್ಣ ಟ್ರಾಕ್ಟರು ರಿಪೇರಿಗೆ ಬಿಟ್ಟಿರುವ ಸಂಗತಿಗೆ ಬಂದ.

ರಾಮಸ್ವಾಮಿಯವರು ಮರಿಯಯ್ಯನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆಯುವ ಅಗತ್ಯವೇ ಬೀಳಲಿಲ್ಲ. ದೇವರ ಪಾದಕ್ಕೆ ಕತ್ತಿ ಇಡದ ಪ್ರೆಸ್ಸು ಎಂದು ಹೆಸರಾಗಿ, ನಾಗಮಂಗಲದಿಂದ, ಕೆ.ಆರ್. ಪೇಟೆಯಿಂದ ಗುಡಿಗಳವರು ಹುಡುಕಿಕೊಂಡು ಬಂದು ಪತ್ರಿಕೆ, ಕವರು, ಪಂಚಾಂಗ ಅಚ್ಚುಹಾಕಿಸತೊಡಗಿದರು. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಹರವುತ್ತಿದ್ದ ಮಂಚಮ್ಮನಿಗೆ ಈ ಸುದ್ದಿಯನ್ನು ಯಾರೋ ಮೆಚ್ಚಿಕೊಂಡೇ ಹೇಳಿದರು. ಅವಳು ಕೇಳಿಸಿಕೊಂಡು, ಸಿಪ್ಪೆ ಹರವುತ್ತಲೇ ಇದ್ದಳು. ಕಳ್ಳಿ ಎಂದು ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ. ಹಾಗಾಗಿ ಕಳ್ಳಿಯಲ್ಲ ಎಂದು ಹೇಳಬೇಕಾದವರೂ ಯಾರೂ ಇರಲಿಲ್ಲ.

ಮಾಗಿ ಚಳಿ ಹಿಡಿದ ಮೇಲೆ ಒಂದು ಮಂಗಳವಾರ, ಶನಿವಾರವೂ ಅಲ್ಲದ ಹಬ್ಬವೂ ಅಲ್ಲದ ಒಂದು ಬರಿ ದಿನ, ಅವಳು ಯಾರಿಗೂ ಹೇಳದೆ ಹೊಂಗೆತೋಪಿನ ಬಸ್ಸು ಹಿಡಿದಳು. ಯಾಕೆ ಹೊರಟೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಸಿಟ್ಟನ್ನು ಸ್ವಾಮಿಯ ಹತ್ತಿರವೇ ಇಟ್ಟು ಬರಬೇಕು ಎಂಬಂಥ ಏನೋ ಒಂದು. ಅಣ್ಣನ ಮನೆಯ ಬೀದಿಗೆ ತಿರುಗದೆ ನೇರ ಗುಡಿಗೆ ಹೋದಳು.

ನವರಂಗ ಖಾಲಿ ಇತ್ತು. ಅವಳು ಅವತ್ತು ನಿಂತಿದ್ದ ಜಾಗಕ್ಕೆ ಹೋಗಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತಳು. ಅರ್ಚಕರು ಒಬ್ಬರೇ ಒಳಗಿದ್ದರು. ಹೆಜ್ಜೆಯ ಸದ್ದಿಗೆ ತಿರುಗಿ ನೋಡಿ, ಗುರುತು ಹಿಡಿದು, ದೀಪದ ಬತ್ತಿ ಮುಂದೆ ಮಾಡಿದರು. ಬೆಳಕು ಕೊಳಲಿನಿಂದ ಇಳಿದು ಪಾದಕ್ಕೆ ಬಂತು. ಮಂಚಮ್ಮ ನೋಡಿದಳು. ಕೈ ಮುಗಿದಿದ್ದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಮಂಗಳಾರತಿ ಆಯಿತು. ಅವಳು ತಿರುಗಿ ಹೊರಡುವವಳಿದ್ದಳು. ಅರ್ಚಕರು ತೀರ್ಥದ ಪಾತ್ರೆ ಎತ್ತಿಕೊಂಡು ಹೊಸ್ತಿಲಿಗೆ ಬಂದವರು, ಅಲ್ಲಿ ನಿಲ್ಲಲಿಲ್ಲ. ಮಂಡಿ ಹಿಡಿದುಕೊಂಡು ಹೊಸ್ತಿಲು ದಾಟಿ, ಕಂಬಗಳ ನಡುವೆ ನಿಧಾನವಾಗಿ ನಡೆದು, ಅವಳು ನಿಂತಿದ್ದ ಗೋಡೆಯ ಹತ್ತಿರಕ್ಕೇ ಬಂದರು. ಏನನ್ನೂ ಕೇಳಲಿಲ್ಲ. ಅವಳ ಒರಟು ಅಂಗೈ ತಾನಾಗಿ ಮಡಿಚಿಕೊಳ್ಳುವವರೆಗೆ ಕಾದರು.

“ಇದು ಅವತ್ತಿನದು ಕಣಮ್ಮ,” ಎಂದು ಮೆಲ್ಲಗೆ ಹೇಳಿ, ಉದ್ಧರಣೆ ಬಾಗಿಸಿದರು.